ಕಾಲ್ಬೆರಳಿನ ಗಾಯಕ್ಕೂ ಒಂದು ಕೋಡ್ ಇದೆ: ಚೀಟಿ ಓದಿ ನೋಡಿ

ಕಳೆದ ವರ್ಷ ಅಂಗಡಿಯಲ್ಲಿ ಐದು ಕಿಲೋದ ತೂಕದ ಕಲ್ಲು ಕೈಜಾರಿ ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ಬಿತ್ತು. ಉಗುರು ಕಪ್ಪಾಯಿತು. ಕ್ಲಿನಿಕ್ಕಿನ ಚೀಟಿಯಲ್ಲಿ ಬರೆದದ್ದು ಮಾತ್ರ ‘ಕಾಲು ನೋವು’ ಅಂತ. ಅದರಲ್ಲೇನು ವ್ಯತ್ಯಾಸ ಅಂತ ಆಗ ನನಗೂ ಅನಿಸಿತ್ತು. ವ್ಯತ್ಯಾಸ ಇದೆ.

ಜಿಎಸ್‌ಟಿ ಬಿಲ್ಲಿನಲ್ಲಿ ಸರಕಿಗೆ ಎಚ್‌ಎಸ್‌ಎನ್ ಕೋಡ್ ಇರುವ ಹಾಗೆ ಕಾಯಿಲೆ, ಗಾಯಗಳಿಗೂ ಕೋಡ್ ಇದೆ. ಅದನ್ನು ಐಸಿಡಿ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಸಿದ್ಧಪಡಿಸುತ್ತದೆ. ಹತ್ತನೇ ಆವೃತ್ತಿಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. 2022ರ ಜನವರಿ 1ರಿಂದ ಐಸಿಡಿ-11 ಜಾರಿಗೆ ಬಂದಿದ್ದರೂ ಕ್ಲೇಮ್ ಕಾಗದಗಳಲ್ಲಿ ಹೆಚ್ಚಾಗಿ ಕಾಣುವುದು ಐಸಿಡಿ-10.

ಹಿಮ್ಮಡಿ ಗಂಟು ಮತ್ತು ಪಾದದ ಗಾಯಗಳು ಎಸ್90ರಿಂದ ಎಸ್99ರವರೆಗೆ ಬರುತ್ತವೆ:

- ಬೆರಳು ಜಜ್ಜಿ ಬಾತಿದೆ, ಉಗುರು ಸರಿಯಿದೆ: ಎಸ್90.1
- ಬೆರಳು ಜಜ್ಜಿ ಉಗುರಿಗೂ ಪೆಟ್ಟಾಗಿದೆ: ಎಸ್90.2
- ಬೆರಳಿನ ಚರ್ಮ ಸೀಳಿದೆ, ಉಗುರು ಸರಿಯಿದೆ: ಎಸ್91.1
- ಚರ್ಮ ಸೀಳಿ ಉಗುರಿಗೂ ಪೆಟ್ಟಾಗಿದೆ: ಎಸ್91.2
- ಹೆಬ್ಬೆರಳ ಮೂಳೆ ಮುರಿದಿದೆ: ಎಸ್92.4
- ಬೇರೆ ಬೆರಳಿನ ಮೂಳೆ ಮುರಿದಿದೆ: ಎಸ್92.5
- ಬೆರಳು ಉಳುಕಿದೆ: ಎಸ್93.5

ಗಾಯ ಹೇಗಾಯಿತು ಅನ್ನುವುದಕ್ಕೂ ಬೇರೆ ಕೋಡ್ ಇದೆ. ಮೇಲಿನಿಂದ ವಸ್ತು ಬಿದ್ದರೆ ಡಬ್ಲ್ಯೂ20, ನಾವೇ ಹೋಗಿ ಎಡವಿ ತಾಗಿಸಿಕೊಂಡರೆ ಡಬ್ಲ್ಯೂ22.

ಗಲ್ಫಿನಲ್ಲಿರುವವರು ಇದನ್ನು ಗಮನಿಸಿ. ದುಬೈ, ಅಬುಧಾಬಿಗಳಲ್ಲಿ ಇನ್ಶೂರೆನ್ಸ್ ಕ್ಲೇಮಿಗೆ ಅಮೆರಿಕದ ಐಸಿಡಿ-10-ಸಿಎಂ ನಡೆಯುತ್ತದೆ. ಅದರಲ್ಲಿ ಬಲ-ಎಡ, ಹೆಬ್ಬೆರಳು-ಕಿರುಬೆರಳು ಎಲ್ಲ ಬಿಡಿಸಿ ಬರೆಯಬೇಕು. ನನ್ನ ಗಾಯಕ್ಕೆ ಅಲ್ಲಿ ಎಸ್90.211ಎ ಆಗುತ್ತಿತ್ತು. ಎಡಗಾಲಾದರೆ ಎಸ್90.212ಎ. ಕೊನೆಯ ‘ಎ’ ಅಂದರೆ ಮೊದಲ ಭೇಟಿ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ, ಗಾಯಕ್ಕೆ ಚಿಕಿತ್ಸೆ ನಡೆಯುತ್ತಿದೆ ಅಂತ ಅರ್ಥ. ವಾಸಿಯಾಗುತ್ತಿರುವಾಗ ತೋರಿಸಲು ಹೋದರೆ ‘ಡಿ’. ಹಳೆ ಗಾಯದಿಂದ ಮುಂದೆ ತೊಂದರೆ ಉಳಿದರೆ ‘ಎಸ್’.

ಕೋಡ್ ಹಾಕುವವರು ಡಾಕ್ಟರು ಬರೆದದ್ದನ್ನು ನೋಡಿಯೇ ಹಾಕಬೇಕು, ಊಹಿಸುವ ಹಾಗಿಲ್ಲ. ‘ಬಲಗಾಲಿನ ಬೆರಳು ನೋವು’ ಅಂತಷ್ಟೇ ಇದ್ದರೆ ಎಂ79.674 ಬೀಳುತ್ತದೆ. ಅದು ನೋವಿನ ಕೋಡ್, ಅಪಘಾತದ್ದಲ್ಲ. ಕೆಲಸದ ಜಾಗದಲ್ಲಿ ಪೆಟ್ಟಾದವನಿಗೆ ಅದನ್ನು ತೋರಿಸಲು ಆಮೇಲೆ ಕಾಗದವೇ ಇರುವುದಿಲ್ಲ.

ನಮ್ಮಲ್ಲಿ ಅಡ್ಮಿಟ್ ಆದವರ ಕ್ಲೇಮ್ ಫಾರ್ಮಿನ ‘ಬಿ’ ಭಾಗವನ್ನು ಆಸ್ಪತ್ರೆಯವರು ತುಂಬುತ್ತಾರೆ. ಅಲ್ಲೂ ಐಸಿಡಿ-10 ಕೋಡಿಗೆ ಜಾಗ ಇದೆ. ಮಂಗಳೂರಿನಲ್ಲಿ ಡಿಸ್ಚಾರ್ಜ್ ಆಗಿ ಗಡಿ ದಾಟಿ ಕಾಸರಗೋಡಿಗೆ ಬಂದ ಮೇಲೆ ತಿದ್ದಿಸಲು ಮತ್ತೆ ಓಡಾಡುವುದಕ್ಕಿಂತ ಅಲ್ಲೇ ಓದಿ ನೋಡುವುದು ಒಳ್ಳೆಯದು.

ಶುಗರ್ ಇರುವವರ ವಿಷಯ ಬೇರೆ. ಶುಗರಿನಿಂದಲೇ ಪಾದದಲ್ಲಿ ಹುಣ್ಣಾದರೆ ಅದು ಪೆಟ್ಟಿನ ಗಾಯವಲ್ಲ. ಟೈಪ್ 2 ಆದರೆ ಸಿಎಂನಲ್ಲಿ ಅದಕ್ಕೆ ಇ11.621. ಅಂಥವರು ಸಣ್ಣ ಗಾಯವನ್ನೂ ಮನೆಯಲ್ಲೇ ಅರಶಿನ ಹಚ್ಚಿ ಬಿಡಬೇಡಿ, ಡಾಕ್ಟರಿಗೆ ತೋರಿಸಿ.

ಒಟ್ಟಿನಲ್ಲಿ ಡಾಕ್ಟರ ಹತ್ತಿರ ನಾಲ್ಕು ಮಾತು ತಪ್ಪದೆ ಹೇಳಿ: ಯಾವ ಕಾಲು, ಯಾವ ಬೆರಳು, ಉಗುರಿಗೆ ಏನಾಯಿತು, ಪೆಟ್ಟು ಹೇಗೆ ಬಿತ್ತು. ಹೊರಡುವ ಮೊದಲು ಅದು ಚೀಟಿಯಲ್ಲಿದೆಯಾ ಅಂತ ನೋಡಿ. ಆದರೆ ಕ್ಲೇಮ್ ಸಿಗಲಿ ಅಂತ ಆಗದ ಗಾಯ ಬರೆಸುವುದು ಮೋಸ. ಆದದ್ದನ್ನು ಆದ ಹಾಗೆ ಬರೆಸುವುದು ನಮ್ಮ ಹಕ್ಕು.