ಎಡೆ ಹೊಡೆಯೋ ಮಷಿನ್‌ಗೆ ಸೀಸದ ಬಾಟ್ಲಿ ಬೇಕಾ? ಸಣ್ಣ ಪೆಟ್ರೋಲ್ ಎಂಜಿನ್ ಇಟ್ಟವರು ತಿಳಿದಿರಬೇಕಾದ ಮಾಹಿತಿ

ಗಿಣಿಗೇರಾ: ಮುಂಗಾರು ಬಂತಂದ್ರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಹೊಲಗಳಲ್ಲಿ ಸಣ್ಣ ಪೆಟ್ರೋಲ್ ಎಂಜಿನ್‌ಗಳ ಸದ್ದು ಶುರುವಾಗುತ್ತದೆ. ಎಡೆ ಹೊಡೆಯೋ ಪವರ್ ವೀಡರ್, ಹುಲ್ಲು ಕತ್ತರಿಸೋ ಬ್ರಷ್ ಕಟರ್, ಬೆನ್ನಿಗೆ ಹಾಕೋ ಸ್ಪ್ರೇಯರ್, ಕಾಲುವೆ ದಂಡೆಯ ಪಂಪ್, ಹೊಲದ ದಾರಿಗಷ್ಟೇ ಉಳಿದಿರೋ ಹಳೇ ಲೂನಾ, ಟಿವಿಎಸ್ 50. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಮಷಿನ್ ಹಗ್ಗ ಎಷ್ಟು ಎಳೆದ್ರೂ ಏಳೋದಿಲ್ಲ. ಆಗ ಯಾರಾದ್ರೂ ಒಬ್ರು ಹೇಳೋ ಮಾತು: "ಮೊದ್ಲು ಪೆಟ್ರೋಲ್‌ನಾಗ ಸೀಸ ಇತ್ತು, ಎಂಜಿನ್ ಗಟ್ಟಿ ಇರ್ತಿತ್ತು. ಈಗ ಸೀಸ ಇಲ್ಲ, ಒಂದು ಬಾಟ್ಲಿ ಅಡಿಟಿವ್ ಹಾಕು."

ಸೀಸ ಇತ್ತು ಅನ್ನೋದು ನಿಜ. ಅದಿಲ್ಲದ್ದಕ್ಕೇ ಮಷಿನ್ ಕೆಟ್ಟಿತು ಅನ್ನೋದು ಮಾತ್ರ ಬಹುತೇಕ ತಪ್ಪು.

ಸೀಸ ಯಾಕೆ ಹಾಕ್ತಿದ್ರು?

ಎಂಜಿನ್ ಒಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಉರಿದ್ರೆ ಟಕ್ ಟಕ್ ಅಂತ ಬಡಿಯುತ್ತದೆ. ಮೆಕ್ಯಾನಿಕ್‌ಗಳು ಇದನ್ನ ನಾಕಿಂಗ್ ಅಂತಾರೆ. 1921ರ ಡಿಸೆಂಬರ್‌ನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಜ್‌ಲಿ, ಟೆಟ್ರಾಈಥೈಲ್ ಲೆಡ್ ಅನ್ನೋ ಸೀಸದ ಸಂಯುಕ್ತ ಸ್ವಲ್ಪ ಬೆರೆಸಿದ್ರೂ ಈ ಬಡಿತ ನಿಲ್ಲುತ್ತೆ ಅಂತ ಕಂಡುಹಿಡಿದ. 1923ರಲ್ಲಿ ಮಾರಾಟ ಶುರುವಾಯ್ತು. ಮರುವರ್ಷವೇ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಇದನ್ನ ತಯಾರಿಸೋ 5 ಕಾರ್ಮಿಕರು ಸತ್ತರು. ಆದರೂ ಜಗತ್ತಿನಾದ್ಯಂತ ಹಲವು ದಶಕ ಇದೇ ಪೆಟ್ರೋಲ್ ಓಡಿತು.

ಸೀಸದಿಂದ ಇನ್ನೊಂದು ಉಪಯೋಗ ಇತ್ತು. ಫೋರ್ ಸ್ಟ್ರೋಕ್ ಎಂಜಿನ್‌ನ ಎಕ್ಸಾಸ್ಟ್ ವಾಲ್ವ್ ಕೂರೋ ಸೀಟ್ ಮೇಲೆ ತೆಳ್ಳನೆ ಪದರ ಕಟ್ಟಿ, ಸವೆತ ತಡೀತಿತ್ತು. "ಸೀಸ ಇದ್ರೆ ಎಂಜಿನ್ ಗಟ್ಟಿ" ಅನ್ನೋ ಮಾತು ಬಂದಿದ್ದು ಇಲ್ಲಿಂದಲೇ.

ಯಾಕೆ ತೆಗೆದ್ರು?

ಹೊಗೆಯಲ್ಲಿ ಹೊರಬಿದ್ದ ಸೀಸ ಮಣ್ಣು, ಧೂಳು ಸೇರಿ ಮಕ್ಕಳ ದೇಹಕ್ಕೆ ಹೋಗುತ್ತದೆ. ಮೆದುಳಿನ ಬೆಳವಣಿಗೆ ಕುಂಠಿತವಾಗುತ್ತದೆ, ಕಲಿಕೆ ಹಿಂದೆ ಬೀಳುತ್ತದೆ. ಇಷ್ಟು ಸೀಸ ಇದ್ದರೆ ತೊಂದರೆ ಇಲ್ಲ ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ ದೇಶದ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸದ ಪ್ರಮಾಣ ಮಿತಿ ಮೀರಿತ್ತು. 1999ರ ಫೆಬ್ರುವರಿಯಲ್ಲಿ ಇದೇ ವಿಷಯಕ್ಕೆ ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನವೂ ನಡೆಯಿತು.

ಭಾರತದಲ್ಲಿ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲ್ ಬಂತು. 2000ರ ಫೆಬ್ರುವರಿ 1ರಿಂದ ಇಡೀ ದೇಶಕ್ಕೆ ಅದೇ. ಅಂದ್ರೆ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆಗಿ ಮೂರು ವರ್ಷ ತುಂಬೋದರೊಳಗೆ ಇಲ್ಲಿನ ಬಂಕ್‌ಗಳಿಂದ ಸೀಸ ಹೋಗಿತ್ತು. ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರ ಜುಲೈನಲ್ಲಿ. ಈಗ ಸೀಸ ಉಳಿದಿರೋದು ಮುಖ್ಯವಾಗಿ ಪಿಸ್ಟನ್ ಎಂಜಿನ್‌ನ ಸಣ್ಣ ವಿಮಾನಗಳ ಪೆಟ್ರೋಲ್‌ನಲ್ಲಿ. ಅದನ್ನ ಯಾರಾದ್ರೂ ತಂದುಕೊಡ್ತೀನಿ ಅಂದ್ರೂ ಬೇಡ ಅನ್ನಿ. ಈ ಸಂಯುಕ್ತ ಚರ್ಮದ ಮೂಲಕವೂ ದೇಹ ಸೇರುತ್ತದೆ.

ನಿಮ್ಮ ಎಂಜಿನ್‌ಗೆ ಸೀಸ ಬೇಕಾ?

* ಟೂ ಸ್ಟ್ರೋಕ್ (ಹಳೇ ಲೂನಾ, ಟಿವಿಎಸ್ 50, ಬಹಳಷ್ಟು ಬ್ರಷ್ ಕಟರ್ ಮತ್ತು ಸ್ಪ್ರೇಯರ್): ಬೇಡವೇ ಬೇಡ. ಇವುಗಳಲ್ಲಿ ಎಕ್ಸಾಸ್ಟ್ ವಾಲ್ವೇ ಇರೋದಿಲ್ಲ. ಸವೆಯೋಕೆ ಸೀಟ್ ಎಲ್ಲಿಂದ ಬರಬೇಕು?
* ಹೊಸ ಫೋರ್ ಸ್ಟ್ರೋಕ್ (ವೀಡರ್, ಪಂಪ್): ಬೇಡ. ಸೀಸರಹಿತ ಪೆಟ್ರೋಲ್‌ಗೇ ಮಾಡಿದ ಗಟ್ಟಿ ಸೀಟ್ ಇರುತ್ತದೆ.
* ತುಂಬಾ ಹಳೇ ಫೋರ್ ಸ್ಟ್ರೋಕ್ (ಹಳೇ ಪೆಟ್ರೋಲ್ ಜೀಪ್, ಹಳೇ ಪಂಪ್‌ಸೆಟ್): ಇಲ್ಲಿ ಮಾತ್ರ ಸ್ವಲ್ಪ ಗಮನ ಬೇಕು. ಪೂರ್ತಿ ಲೋಡ್‌ನಲ್ಲಿ ಗಂಟೆಗಟ್ಟಲೆ ಓಡಿಸಿದ್ರೆ ಸೀಟ್ ಸವೆಯಬಹುದು. ಟ್ಯಾಪೆಟ್ ಗ್ಯಾಪ್ ಮತ್ತೆ ಮತ್ತೆ ಕಡಿಮೆ ಆಗ್ತಾ ಬಂದ್ರೆ, ಕಂಪ್ರೆಷನ್ ಇಳಿದ್ರೆ ಅದೇ ಲಕ್ಷಣ. ಹೆಡ್ ಬಿಚ್ಚಿಸಿ ಲೇತ್‌ನವರ ಹತ್ರ ಗಟ್ಟಿ ಸೀಟ್ ಕೂರಿಸೋದೇ ಶಾಶ್ವತ ಪರಿಹಾರ.

ಹಾಗಾದ್ರೆ ಮಷಿನ್ ಕೆಡೋದು ಯಾಕೆ?

ಮೊದಲ ಅನುಮಾನ ನಿಂತ ಪೆಟ್ರೋಲ್ ಮೇಲೆ ಇರಲಿ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20 ಪೆಟ್ರೋಲ್ ಈಗ ಎಲ್ಲಾ ಕಡೆ ಬಂದಿದೆ. ಅದರಲ್ಲಿ ಶೇ 20ರವರೆಗೆ ಎಥನಾಲ್. ಎಥನಾಲ್ ನಾಕಿಂಗ್ ತಡೆಯುತ್ತದೆ, ಅಂದ್ರೆ ಸೀಸದ ಮೊದಲ ಕೆಲಸ ಅದೇ ಮಾಡುತ್ತದೆ. ಆದರೆ ಅದಕ್ಕೆ ನೀರು ಎಳೆದುಕೊಳ್ಳೋ ಗುಣ ಇದೆ. ನೀರು ಜಾಸ್ತಿ ಆದ್ರೆ ಎಥನಾಲ್ ಮತ್ತು ನೀರು ಸೇರಿ ಟ್ಯಾಂಕಿನ ತಳದಲ್ಲಿ ಬೇರೆ ಪದರ ಆಗಿ ನಿಲ್ಲುತ್ತವೆ. ಪೈಪ್ ಎಳೆಯೋದು ತಳದಿಂದಲೇ. ಟೂ ಸ್ಟ್ರೋಕ್‌ಗೆ ಇದು ಇನ್ನೂ ಅಪಾಯ. ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿದು, ತಳದ ಪದರ ಆಯಿಲ್ ಇಲ್ಲದೇ ಒಳಗೆ ಹೋದ್ರೆ ಪಿಸ್ಟನ್ ಸೀಜ್ ಆಗಬಹುದು. ಹಳೇ ರಬ್ಬರ್ ಪೈಪ್, ಕಾರ್ಬ್ಯುರೇಟರ್ ಡಯಾಫ್ರಮ್ ಉಬ್ಬೋದು, ಬಿರಿಯೋದೂ ಉಂಟು.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್‌ನಲ್ಲಿ ಉಳಿದದ್ದು ತೀರೋವರೆಗೆ ಓಡಿಸಿ ಇಡಿ. ಒಂದು ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಪೆಟ್ರೋಲ್ ತೆಗೆಯೋಕೆ ಪೈಪಿಗೆ ಬಾಯಿ ಹಚ್ಚಿ ಎಳೀಬೇಡಿ. ಅಪ್ಪಿತಪ್ಪಿ ನುಂಗಿದ್ರೆ ವಾಂತಿ ಮಾಡಿಸದೇ ನೇರ ಆಸ್ಪತ್ರೆಗೆ ಹೋಗಿ. ವಾಂತಿ ಆಗುವಾಗ ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಅಪಾಯ.

ಅಂಗಡಿಯ ಬಾಟ್ಲಿ ಏನ್ ಮಾಡುತ್ತೆ?

* ಆಕ್ಟೇನ್ ಬೂಸ್ಟರ್: ನಾಕಿಂಗ್ ಇಲ್ಲದ ಎಂಜಿನ್‌ಗೆ ಲಾಭ ಇಲ್ಲ. ಕಬ್ಬಿಣ, ಮ್ಯಾಂಗನೀಸ್ ಇರೋ ಬೂಸ್ಟರ್ ಆದ್ರೆ ಪ್ಲಗ್ ಮೇಲೆ ಕೆಂಪು ಪದರ ಕಟ್ಟಬಹುದು.
* ಸೀಸದ ಬದಲಿ: ಮೇಲೆ ಹೇಳಿದ ತುಂಬಾ ಹಳೇ ಫೋರ್ ಸ್ಟ್ರೋಕ್‌ಗೆ ಮಾತ್ರ. ಸವೆದ ಸೀಟನ್ನ ಇದು ಸರಿ ಮಾಡೋದಿಲ್ಲ.
* ಸ್ಟೆಬಿಲೈಸರ್: ಹೊಸ ಪೆಟ್ರೋಲ್‌ಗೆ ಹಾಕಿದ್ರೆ ಕೆಡೋದು ತಡ ಆಗುತ್ತದೆ. ಕೆಟ್ಟಿದ್ದು ವಾಪಸ್ ಒಳ್ಳೇದಾಗಲ್ಲ.
* ಸೀಮೆಎಣ್ಣೆ: ಪೆಟ್ರೋಲ್ ಎಂಜಿನ್‌ಗೆ ಬೆರೆಸಿದ್ರೆ ನಾಕಿಂಗ್ ಜಾಸ್ತಿ ಆಗುತ್ತದೆ.

ಟೂ ಸ್ಟ್ರೋಕ್‌ಗೆ ಹಾಕಲೇಬೇಕಾದ್ದು 2ಟಿ ಆಯಿಲ್ ಒಂದೇ. ಮಷಿನ್ ಪುಸ್ತಕದಲ್ಲಿ ಬರೆದ ಲೆಕ್ಕ ನೋಡಿ: 25:1 ಅಂದ್ರೆ ಲೀಟರ್‌ಗೆ 40 ಮಿ.ಲೀ., 40:1 ಅಂದ್ರೆ 25 ಮಿ.ಲೀ., 50:1 ಅಂದ್ರೆ 20 ಮಿ.ಲೀ. ಮುಚ್ಚಳದ ಅಂದಾಜು ಬೇಡ. ಆಯಿಲ್ ಕಡಿಮೆ ಆದ್ರೆ ಸೀಜ್, ಜಾಸ್ತಿ ಆದ್ರೆ ಹೊಗೆ, ಮಸಿ.

ಅಂಗಡಿಯವರು ಗಮನಿಸಿ

1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಪೆಟ್ರೋಲ್ ಇಡೋಕೆ ಲೈಸೆನ್ಸ್ ಬೇಕಿಲ್ಲ. ಅದೂ ಬಿಗಿ ಮುಚ್ಚಳದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿ. ಗಾಜು, ಪಿಂಗಾಣಿ ಆದ್ರೆ 1 ಲೀಟರ್, ಲೋಹದ್ದಾದ್ರೆ 25 ಲೀಟರ್ ಮಿತಿ. ಈ ವಿನಾಯಿತಿ ಮಾರಾಟಕ್ಕೆ ಇಲ್ಲ. ನೀರಿನ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ತುಂಬಿ ಅಂಗಡಿ ಮುಂದೆ ತೂಗುಹಾಕಿ ಮಾರೋದು ಕಾನೂನಿಗೂ ವಿರುದ್ಧ, ಬೆಂಕಿಗೂ ಆಹ್ವಾನ. ಗ್ರಾಹಕರಿಗೂ ಒಂದು ಹಕ್ಕಿದೆ: ಬಂಕ್‌ನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ, 5 ಲೀಟರ್ ಅಳತೆ ಪರೀಕ್ಷೆ ಮಾಡಿ ತೋರಿಸಿ ಅಂತ ಕೇಳಬಹುದು.

ಮಷಿನ್ ಏಳದಿದ್ದಾಗ ಮೊದಲು ಹಳೇ ಪೆಟ್ರೋಲ್ ಚೆಲ್ಲದೇ ಹೊರತೆಗೆದು ಹೊಸದು ಹಾಕಿ. ಆಮೇಲೆ ಪ್ಲಗ್, ಏರ್ ಫಿಲ್ಟರ್, ಕಾರ್ಬ್ಯುರೇಟರ್ ನೋಡಿ. ಇಷ್ಟಕ್ಕೂ ಏಳದಿದ್ರೆ ಬಾಟ್ಲಿಯ ದುಡ್ಡನ್ನ ಮೆಕ್ಯಾನಿಕ್‌ಗೆ ಕೊಡೋದೇ ಲೇಸು.