ಮಿಶ್ರತಳಿ ರಾಸುಗಳಲ್ಲಿ ಉಣ್ಣೆಗಳಿಂದ ಹರಡುವ ರಕ್ತ ಪರಾವಲಂಬಿ ರೋಗಗಳು

ಹಾಲು ಕೊಡುವ ಹಸು ದಿಢೀರನೆ ಜ್ವರ ಬಂದು ಮೇವು ಬಿಟ್ಟಾಗ, ಅದನ್ನು ಅಜೀರ್ಣವೆಂದು ಭಾವಿಸಿ ಎರಡು ಮೂರು ದಿನ ಕಾಯುವುದುಂಟು. ಜ್ವರಕ್ಕೆ ಥೈಲೇರಿಯಾ ಅಥವಾ ಬೆಬೇಸಿಯಾ ಕಾರಣವಾಗಿದ್ದಲ್ಲಿ ಈ ವಿಳಂಬವೇ ರಾಸಿನ ಜೀವಕ್ಕೆ ಎರವಾಗುತ್ತದೆ. ಹೋಲ್‌ಸ್ಟೀನ್ ಫ್ರೀಸಿಯನ್ ಮತ್ತು ಜರ್ಸಿ ಮಿಶ್ರತಳಿಗಳು ಬೇಗ ತುತ್ತಾಗುತ್ತವೆ. ಹಳ್ಳಿಕಾರ್, ಅಮೃತಮಹಲ್ ಮುಂತಾದ ದೇಶಿ ತಳಿಗಳು ಹೆಚ್ಚು ತಾಳಿಕೊಳ್ಳುತ್ತವೆ. ಆದರೆ ಲಕ್ಷಣ ತೋರದೆಯೇ ರೋಗಾಣುವನ್ನು ಹೊತ್ತಿರಬಲ್ಲವು.

ರೋಗ ಹರಡುವ ಬಗೆ

ಥೈಲೇರಿಯಾ: ಹಯಲೊಮ್ಮ ಜಾತಿಯ ಉಣ್ಣೆಯ ಮರಿಯು ಸೋಂಕಿತ ರಾಸಿನ ರಕ್ತ ಹೀರಿದಾಗ ರೋಗಾಣು ಅದರೊಳಗೆ ಸೇರುತ್ತದೆ. ಪೊರೆ ಕಳಚಿ ಬೆಳೆದ ಉಣ್ಣೆ ಮತ್ತೊಂದು ರಾಸನ್ನು ಕಚ್ಚಿದಾಗ ಜೊಲ್ಲಿನ ಮೂಲಕ ದಾಟುತ್ತದೆ. ಜೊಲ್ಲುಗ್ರಂಥಿಯಲ್ಲಿ ರೋಗಾಣು ಬಲಿಯಲು ಸಾಮಾನ್ಯವಾಗಿ 2–3 ದಿನ ಬೇಕು. ಆದ್ದರಿಂದ ದಿನವೂ ಮೈ ತಡವಿ ಉಣ್ಣೆ ತೆಗೆಯುವುದು ವ್ಯರ್ಥ ಶ್ರಮವಲ್ಲ.

ಬೆಬೇಸಿಯಾ: ರಿಪಿಸೆಫಾಲಸ್ ಮೈಕ್ರೋಪ್ಲಸ್ ಎಂಬ ಉಣ್ಣೆ ಇದನ್ನು ಹರಡುತ್ತದೆ. ಇಲ್ಲಿ ರೋಗಾಣು ತಾಯಿ ಉಣ್ಣೆಯಿಂದ ಮೊಟ್ಟೆಗೂ ಸಾಗುತ್ತದೆ. ಒಂದು ಹೆಣ್ಣು ಉಣ್ಣೆ 2,000ಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು.

ಲಕ್ಷಣಗಳು

• 104–106 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಹಾಲಿನ ಇಳುವರಿಯಲ್ಲಿ ಕುಸಿತ
• ಥೈಲೇರಿಯಾದಲ್ಲಿ ಭುಜದ ಮುಂಭಾಗದ ದುಗ್ಧಗ್ರಂಥಿಗಳ ಊತ, ಉಸಿರಾಟದ ತೊಂದರೆ
• ಬೆಬೇಸಿಯಾದಲ್ಲಿ ಕಾಫಿ ಬಣ್ಣದ ಮೂತ್ರ
• ಎರಡರಲ್ಲೂ ರಕ್ತಹೀನತೆ, ಕಾಮಾಲೆ

ಚಿಕಿತ್ಸೆ

ಪಶುವೈದ್ಯರನ್ನು ಅಂದೇ ಕರೆಸಿ, ಕಿವಿಯ ರಕ್ತನಾಳದಿಂದ ರಕ್ತಲೇಪನ ಮಾಡಿಸಿ ಪರೀಕ್ಷಿಸಿರಿ. ಥೈಲೇರಿಯಾಕ್ಕೆ ಬುಪಾರ್ವಕ್ವೋನ್, ಬೆಬೇಸಿಯಾಕ್ಕೆ ಡಿಮಿನಜಿನ್ ಪರಿಣಾಮಕಾರಿ. ಒಂದರ ಔಷಧ ಮತ್ತೊಂದಕ್ಕೆ ಸಾಲದು. ಆದುದರಿಂದ ಊಹೆಯ ಮೇಲೆ ಚುಚ್ಚುಮದ್ದು ಕೊಡಿಸಬಾರದು. ಗುಣವಾದ ರಾಸಿನಲ್ಲಿಯೂ ರೋಗಾಣು ಉಳಿಯಬಹುದೆಂಬುದನ್ನು ನೆನಪಿನಲ್ಲಿಡಿರಿ.

ನಿಯಂತ್ರಣ

1. ಕಿವಿಯ ಒಳಭಾಗ, ಕೆಚ್ಚಲು, ತೊಡೆಸಂದು, ಬಾಲದ ಬುಡಗಳನ್ನು ದಿನವೂ ಪರೀಕ್ಷಿಸಿರಿ. ತೆಗೆದ ಉಣ್ಣೆಯನ್ನು ಕೈಯಲ್ಲಿ ಹಿಸುಕದೆ, ಕೈಗವಸು ಧರಿಸಿ ಸುಟ್ಟುಹಾಕಿರಿ.
2. ರಾಸಿನ ಮೈಗೆ ಮಾತ್ರ ಔಷಧ ಸಿಂಪಡಿಸಿದರೆ ಸಾಲದು. ಹಯಲೊಮ್ಮ ಉಣ್ಣೆಗಳು ಗೋಡೆಯ ಬಿರುಕುಗಳಲ್ಲಿ ಅಡಗಿ ಅಲ್ಲಿಯೇ ಮೊಟ್ಟೆಯಿಡುತ್ತವೆ. ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಸುಣ್ಣ ಬಳಿಯಿರಿ.
3. ಉಣ್ಣೆನಾಶಕವನ್ನು ವೈದ್ಯರು ಸೂಚಿಸಿದ ಪ್ರಮಾಣದಲ್ಲಿಯೇ ಬಳಸಿ, ಅವರು ಹೇಳಿದ ಅಂತರದಲ್ಲಿ ಪುನಃ ಸಿಂಪಡಿಸಿರಿ. ಮೈ ಒಣಗುವವರೆಗೆ ರಾಸು ನೆಕ್ಕದಂತೆ ಎಚ್ಚರ ವಹಿಸಿರಿ.
4. ಹೊಸದಾಗಿ ಕೊಂಡ ರಾಸನ್ನು ಪ್ರತ್ಯೇಕವಾಗಿ ಕಟ್ಟಿ, ಉಣ್ಣೆ ತೆಗೆದು, ರಕ್ತ ಪರೀಕ್ಷೆಯ ನಂತರವೇ ಕೊಟ್ಟಿಗೆಗೆ ಸೇರಿಸಿರಿ.
5. ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಥೈಲೇರಿಯಾ ಲಸಿಕೆ ಹಾಕಿಸುವ ಬಗ್ಗೆ ಸಮೀಪದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿರಿ.