ಕೇರಿಯ ಗುಟ್ಟು

ಓಟು ಹಾಕುವವರನ್ನು ಬೆದರಿಸುವುದು ಅಪರಾಧವೆಂದು 1920ರಲ್ಲೇ ದಂಡಸಂಹಿತೆಗೆ ಸೇರಿತು. ದೇವರ ಮುನಿಸು ತಟ್ಟುತ್ತೆ ಅಂತ ಹೆದರಿಸಿದರೂ ಅಪರಾಧವೇ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಬಹಿಷ್ಕಾರದ ಬೆದರಿಕೆಯನ್ನೂ, ಕುಲದಿಂದ ಹೊರಗಿಡುವ ಬೆದರಿಕೆಯನ್ನೂ ಹೆಸರಿಸಿತು. ಬರೆದವರಿಗೆ ನಮ್ಮೂರು ಗೊತ್ತಿತ್ತು ಅನ್ನಿ! 1989ರ ದೌರ್ಜನ್ಯ ತಡೆ ಕಾಯ್ದೆ ಇನ್ನೂ ನೇರ: ಇಂಥವರಿಗೇ ಓಟು ಹಾಕೆಂದು ಪರಿಶಿಷ್ಟರನ್ನು ಪರಿಶಿಷ್ಟರಲ್ಲದವರು ಬೆದರಿಸಿದರೆ ಆರು ತಿಂಗಳಿಂದ ಐದು ವರ್ಷ ಜೈಲು.

ಆದರೆ ಧಣಿ ಈಗ ಬಾಯಿಬಿಟ್ಟು ಬೆದರಿಸಬೇಕಾಗಿಲ್ಲ. ಎಣಿಕೆಯ ಪಟ್ಟಿ ನೋಡಿದರೆ ಸಾಕು. ಕಾಗದದ ಓಟಿದ್ದಾಗ, ಬೆದರಿಕೆಯ ಭಯವಿದ್ದ ಕಡೆ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಿ ಎಂದು ಹೇಳುವ ಅಧಿಕಾರ ಚುನಾವಣಾ ಆಯೋಗಕ್ಕಿತ್ತು. ಯಂತ್ರ ಬಂತು, ಬೆರೆಸುವುದು ಹೋಯಿತು. ಈಗ ಒಂದೊಂದು ಮತಗಟ್ಟೆಗೂ ಬೇರೆ ಲೆಕ್ಕ. ಒಬ್ಬನ ಓಟು ಗುಟ್ಟು, ಕೇರಿಯ ಓಟು ಬಯಲು. ನಾಳೆ ಕೂಲಿ ನಿಂತರೆ, ನೀರು ನಿಂತರೆ, ನಾವು ಠಾಣೆಗೆ ಹೋಗಿ ಯಾವ ಕಲಂ ಬರೆಸೋಣ?

ಹಲವು ಯಂತ್ರಗಳ ಓಟನ್ನು ಕೂಡಿಸಿ ಒಟ್ಟಿಗೆ ತೋರಿಸುವ ಟೋಟಲೈಸರ್ ಬೇಕೆಂದು ಆಯೋಗ 2008ರಲ್ಲಿ ಕೇಳಿತು. 2015ರಲ್ಲಿ ಕಾನೂನು ಆಯೋಗವೂ ಹೌದೆಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಎಲ್ಲಿ ಓಟು ಬಂತು, ಎಲ್ಲಿ ಬರಲಿಲ್ಲ ಎಂಬುದು ಪಕ್ಷಗಳಿಗೆ ಗೊತ್ತಾಗಬೇಕಂತೆ.